ಕುಡುಕನಾದರೆ ಪರವಾಗಿಲ್ಲವಂತೆ

ನನ್ನ ತಮ್ಮ ತನ್ನ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪಾಂಡವಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ವರ್ಷ ಹಿಡಿಯಿತು.

ಅವನು ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ. ನೀರು ಬೆರೆಸಿದವರು ನೆಂಟರಾದರೂ ಕ್ಯಾನು ವಾಪಸ್ಸು ಕಳಿಸುತ್ತಿದ್ದ, ಹಾಗಾಗಿ ಅವನ ಮೇಲೆ ಹಲ್ಲು ಮಸೆಯುವವರಿಗೆ ಬರವಿರಲಿಲ್ಲ. ಮೂವತ್ತೆಂಟರ ಹೊತ್ತಿಗೆ ಕಾಲು ಎಡವತೊಡಗಿತು. ಕೈ ನಡುಗಿ ಗಾಜಿನ ಕೊಳವೆಗಳು ಒಡೆದವು. ಮಾತು ತೊದಲಿತು. ಬೆಳಗ್ಗೆ ಆರಕ್ಕೇ ಏರಿಸಿಕೊಂಡು ಬರುತ್ತಾನೆ ಎಂದು ಕೆಲಸದಿಂದ ತೆಗೆದರು. ನಾನೇನು ಕಡಿಮೆ? ಗಂಡನ ಮನೆಯಿರುವ ಕೆ.ಆರ್.ಎಸ್.ನಿಂದ ಬಸ್ಸು ಹತ್ತಿ ಬಂದು ಅವನ ಬಾಯಿ ಮೂಸಿ ನೋಡಿದೆ. ವಾಸನೆ ಇರಲಿಲ್ಲ. ಆದರೂ ನಮ್ಮ ಕಡೆ ಕುಡುಕರನ್ನು ಕರೆದೊಯ್ಯುವ ಹಾಗೆ ಗುಡಿಗೆ ಎಳೆದೊಯ್ದು, ಕರ್ಪೂರ ಮುಟ್ಟಿಸಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿಸಿದೆ. ಕುಡಿಯದವನು ನನ್ನ ಮುಖ ನೋಡುತ್ತಾ ಆಣೆ ಮಾಡಿದ. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ತಲೆಯ ಸ್ಕ್ಯಾನ್ ಮಾಡಿಸಿ, ರಕ್ತವನ್ನು ದೂರದೂರಿಗೆ ಕಳಿಸಿ ಹೇಳಿದರು: ಮಿದುಳಿನ ಬಿಳಿಯ ಭಾಗ, ಅಂದರೆ ನರಗಳ ಮೇಲಿನ ಹೊದಿಕೆ, ಸವೆಯುತ್ತಿದೆ. ವಂಶದಿಂದ ಬರುವ ಅಪರೂಪದ ಕಾಯಿಲೆ. ಹೆಚ್ಚಾಗಿ ಮಕ್ಕಳಲ್ಲಿ ಕಾಣುತ್ತದೆ, ಕೆಲವರಲ್ಲಿ ಮಾತ್ರ ದೊಡ್ಡವರಾದ ಮೇಲೆ. ಅಪ್ಪ ಅಮ್ಮ ಸಂಬಂಧಿಕರಾ ಎಂದು ಕೇಳಿದರು. ಅಮ್ಮ ಅಪ್ಪನ ಸ್ವಂತ ಅಕ್ಕನ ಮಗಳು. ಇಬ್ಬರಲ್ಲೂ ಅಡಗಿದ್ದ ದೋಷ ಇವನಲ್ಲಿ ಕೂಡಿಕೊಂಡಿದೆ, ವಾಸಿಯಾಗುವುದಿಲ್ಲ ಎಂದರು.

ಊರಿಗೆ ತಿಳಿಸಿ ಅವನ ಮರ್ಯಾದೆಯನ್ನಾದರೂ ಉಳಿಸೋಣ ಎಂದು ನಾನು ಹೊರಟರೆ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತರು. ನನ್ನ ಮಗಳಿಗೆ ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ ಗಂಡು ಗೊತ್ತಾಗಿತ್ತು.

"ಕುಡ್ಕ ಅಂತ್ಲೇ ಇರ್ಲಿ ಬುಡವ್ವ. ಕುಡ್ಕ ಇಲ್ದಿರೋ ಮನೆ ಯಾವ್ದದೆ? ವಂಸದ ರೋಗ ಅಂದ್ರೆ ಈ ಮನೆ ಎಣ್ಮಕ್ಳನ್ನ ಯಾರ್ ತಕ್ಕತಾರೆ?"

ಜಗುಲಿಯಲ್ಲಿದ್ದ ತಮ್ಮ ಕೇಳಿಸಿಕೊಂಡ. ಒಂದೊಂದೇ ಪದ ಹುಡುಕಿ, "ಅಂಗೇ ಅನ್ಲಿ ಬುಡಕ್ಕ. ಮಗ ಮದ್ವೆ ಆಗ್ಲಿ," ಅಂದ. ಅವನಿಗೆ ನನ್ನ ಮಗಳೂ ಮಗನೇ.

ನನಗೆ ಮೈಯೆಲ್ಲ ಉರಿದುಹೋಯಿತು. ಸಂಬಂಧದ ಹೊರಗಿನ ಗಂಡಾದರೆ ಹುಟ್ಟುವ ಮಕ್ಕಳಿಗೆ ಬರುವ ಹೆದರಿಕೆ ಕಡಿಮೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅದನ್ನು ಕೇಳುವ ಪುರುಸೊತ್ತು ಯಾರಿಗಿದೆ? ಹೆಣ್ಣನ್ನು ಒಳಗೊಳಗೇ ಕೊಟ್ಟು ತಂದವರು ಇವರು, ಕುಡುಕನೆನ್ನಿಸಿಕೊಂಡು ಸಾಯಬೇಕಾದವನು ಅವನು. ಊರಿಗೆ ಹೇಳಿಬಿಡಲಾ ಎಂದು ಮಗಳನ್ನು ಕೇಳಿದೆ. ಹೇಳಮ್ಮ ಎಂದಳು.

ಮಾರನೆಯ ಬೆಳಗ್ಗೆ ಎಲ್ಲರೂ ಕ್ಯಾನು ಹಿಡಿದು ನಿಂತಿದ್ದ ಹೊತ್ತಿಗೆ ಡೇರಿಗೆ ಹೋಗಿ, ಕಾಯಿಲೆಯನ್ನೂ ಅದು ಬಂದ ದಾರಿಯನ್ನೂ ಗಟ್ಟಿಯಾಗಿ ಹೇಳಿದೆ. ಕೆಲವರು ತಲೆ ತಗ್ಗಿಸಿದರು. ಇನ್ನು ಕೆಲವರು, ಕುಡಿತಕ್ಕೂ ಈಗ ಸ್ಕ್ಯಾನ್ ಬಂತು ಎಂದು ನಕ್ಕರು. ಸಂಜೆಯೊಳಗೆ ದೇವಲಾಪುರದ ಕಡೆಯವರು ಫೋನು ಮಾಡಿ ಸಂಬಂಧ ಬೇಡವೆಂದರು.

ಡೇರಿಗೆ ಹೋಗಿದ್ದನ್ನೂ ಸಂಬಂಧ ಮುರಿದದ್ದನ್ನೂ ತಮ್ಮನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ತುಂಬಾ ಹೊತ್ತು ತುಟಿ ಆಡಿಸಿ ಕೇಳಿದ:

"ಡೇರೀಲಿ... ನಂಬುದ್ರಾ?"

ಊಂ ಅಂದೆ.

"ಯಾರ್ಯಾರು?"

ನಕ್ಕವರನ್ನೂ ಸೇರಿಸಿ ಒಬ್ಬೊಬ್ಬರ ಹೆಸರನ್ನೂ ಹೇಳಿದೆ.