ಎಡಗೈಯಲ್ಲಿ ಕಟ್ಟಿದ ಹುಳು
ನಮ್ಮ ಚಿಕ್ಕಪ್ಪ ಗಾಳಕ್ಕೆ ಹುಳು ಕಟ್ಟಲು ಕೂತರೆಂದರೆ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. ಜೀವಂತ ಹುಳುವಲ್ಲ, ಕೋಳಿಪುಕ್ಕ, ಕಂದು ಉಣ್ಣೆ, ಹಳೇ ರೇಡಿಯೋದಿಂದ ಬಿಚ್ಚಿದ ತಾಮ್ರದ ತಂತಿ, ಇಷ್ಟನ್ನೂ ಕೊಕ್ಕೆಗೆ ಸುತ್ತಿ, ಹೊಳೆಯ ತಳದಲ್ಲಿ ಹರಿದಾಡುವ ಮರಿಹುಳುವಿನಂತೆ ಕಾಣುವ ಹಾಗೆ ಮಾಡುವುದು. ಫ್ಯಾನ್ ಹಾಕಿದರೆ "ಪುಕ್ಕ ಹಾರಿಹೋಗುತ್ತೆ, ಕಣ್ಣು ಕಾಣಲ್ವಾ?" ಎಂದು ಚಿಕ್ಕಮ್ಮನ ಮೇಲೆ ಎಗರಾಡುತ್ತಾರೆ; ನಿಲ್ಲಿಸಿದರೆ ಸೆಕೆಯ ಮೇಲೆ. ಅಂಗಡಿಯ ಹುಳು ತಂದುಕೊಟ್ಟ ಅಳಿಯನಿಗೆ "ಇದನ್ನ ನಿಮ್ಮ ಕಿವಿಗೆ ಹಾಕ್ಕೊಳ್ಳಿ ಅಳಿಯಂದ್ರೇ" ಎಂದರು. ಊಟ, ಸಹಿ, ನಮ್ಮ ಕಪಾಳಕ್ಕೆ ಬಿಗಿಯುವುದು ಎಲ್ಲವನ್ನೂ ಬಲಗೈಯಲ್ಲೇ ಮಾಡುವ ಮನುಷ್ಯ, ಈ ತಂತಿಯನ್ನು ಮಾತ್ರ ಎಡಗೈಯಲ್ಲೇ ಸುತ್ತಬೇಕು. ಆ ಕೈ ಅವರ ಮಾತು ಕೇಳುವುದಿಲ್ಲ. ಚುಚ್ಚಿ ರಕ್ತ ಬಂದರೆ ಕೊಕ್ಕೆಗೇ ಬೈಗುಳ. "ಬಲಗೈಲಿ ಸುತ್ತಿದ್ರೆ ಮೀನೇನು ಬೇಡ ಅನ್ನುತ್ತಾ?" ಎಂದು ಚಿಕ್ಕಮ್ಮ ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಊಟಕ್ಕೇ ಬರಲಿಲ್ಲ. ಹೊಳೆಯಲ್ಲೂ ಅಷ್ಟೇ: ಮೊಣಕಾಲುದ್ದ ನೀರಲ್ಲಿ ನಿಂತು, ಹುಳುವನ್ನು ತಳಕ್ಕೆ ಬಿಟ್ಟು, ಮೀನು ಕಚ್ಚುವವರೆಗೂ ಶಾಪ ಹಾಕುತ್ತಾರೆ, ಕಚ್ಚಿದ ಮೇಲೆ "ಇಷ್ಟೊತ್ತು ಎಲ್ಲಿ ಸತ್ತಿದ್ದೆ?" ಎಂದು ಅದಕ್ಕೂ ಗದರುತ್ತಾರೆ. ಕಚ್ಚುವುದೇನೋ ಕಚ್ಚುತ್ತದೆ, ಪ್ರತಿ ಸಲವೂ. ಅದೇ ನನಗೆ ಮೈ ಉರಿಸುವುದು. ಈ ಹುಳುವನ್ನು ಮೊದಲು ಕಟ್ಟಿದವರು ನನ್ನಪ್ಪ, ಅಪ್ಪ ಎಡಚರು. "ಉಲ್ಟಾ ಸುತ್ತಿದ್ದೀಯಲ್ಲೋ ಅಣ್ಣ, ಇದಕ್ಕೆ ಯಾವ ಮೀನು ಬೀಳುತ್ತೆ?" ಎಂದು ಅದನ್ನು ಅಪ್ಪನ ಮುಖಕ್ಕೆ ಎಸೆದು, ಅಪ್ಪ ಸಾಯುವವರೆಗೂ ಮಾತು ಬಿಟ್ಟಿದ್ದವರು ಈ ಚಿಕ್ಕಪ್ಪನೇ.