ಕಡಲ ಬದಿಯಲ್ಲಿ ತುಳಿಯುವವನು

ಬೆಳಗ್ಗೆ ನಾನು ದೇವರ ದೀಪ ಹಚ್ಚುವಾಗ ಪಕ್ಕದ ಮನೆಯ ಹೊನ್ನಯ್ಯ ತನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿರುತ್ತಾನೆ. ಮುಖ ತೊಳೆಯುವುದು ಆಮೇಲೆ. ಬೀಡಿ ಕಂಪೆನಿಯ ಹೆಸರು ಬರೆದ ಬನಿಯನ್ ತೊಟ್ಟು ಪಂದ್ಯಗಳಲ್ಲಿ ಸೈಕಲ್ ತುಳಿಯುವುದೇ ಅವನ ಉದ್ಯೋಗ. ತಂಡದ ಲೀಡರ್ ಮಾತ್ರ ಧಣಿಯ ಅಳಿಯ ಸುಕುಮಾರ. ಉಳಿದವರು ಮುಂದೆ ತುಳಿದು ಗಾಳಿಗೆ ಎದೆ ಕೊಡಬೇಕು, ಲೀಡರ್ ಅವರ ಬೆನ್ನ ಮರೆಯಲ್ಲಿ ಆರಾಮಾಗಿ ಬಂದು ಕೊನೆಗೆ ನುಗ್ಗಿ ಹಾರ ಹಾಕಿಸಿಕೊಳ್ಳಬೇಕು. ಕಂಪೆನಿಯ ಕಟ್ಟಳೆಯಂತೆ ಇದು. ಎಂಥ ನ್ಯಾಯ! ಹೊನ್ನಯ್ಯನಂತೂ ಚಾದಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ, ಭಜನೆಯ ನಡುವೆಯೂ ಅದನ್ನೇ ಕೇಳುತ್ತಾನೆ: “ಲೀಡರ್ ಅಂದ್ರೆ ಎಂತ ಮಾರಾಯ್ರೆ? ನನ್ನ ಬೆನ್ನು ನೋಡ್ಲಿಕ್ಕೆ ಅವನಿಗೆ ಸಂಬಳವಾ?” ಆ ಕೂಗಿಗೆ ನಮ್ಮ ತೆಂಗಿನ ಮರದ ಕಾಗೆಗಳೂ ಊರು ಬಿಟ್ಟಿವೆ. ಆದರೆ ಮೊನ್ನೆಯ ಪಂದ್ಯದ ದಿನ ನಾನು ಮೊಗ್ರಾಲಿನ ರಸ್ತೆ ಬದಿಯಲ್ಲಿ ನಿಂತಿದ್ದೆ. ಕಡಲಿನಿಂದ ಪಡುಗಾಳಿ ಅಡ್ಡ ಹೊಡೆಯುತ್ತಿತ್ತು. ಸುಕುಮಾರನನ್ನು ಬಾಯ್ತುಂಬ ಬೈಯುತ್ತಲೇ ಹೊನ್ನಯ್ಯ ಅವನ ಕಡಲ ಬದಿಗೆ ಸರಿದು, ಗಾಳಿಗೆ ತಾನೇ ಗೋಡೆಯಾಗಿ ತುಳಿಯುತ್ತಿದ್ದ. ಹಾರ ಎಂದಿನಂತೆ ಸುಕುಮಾರನ ಕೊರಳಿಗೇ ಬಿತ್ತು. ಸಂಜೆ ಅವನು ಹೊನ್ನಯ್ಯನ ಅಂಗಳಕ್ಕೆ ಬಂದು ತಲೆ ತಗ್ಗಿಸಿ ಹೇಳಿದ: “ಹೊನ್ನಯ್ಯಣ್ಣ, ಮುಂದಿನ ಸಲ ಕೊನೆಗೆ ನಾನು ನಿಧಾನ ಮಾಡ್ತೇನೆ, ನೀವೇ ಗೆಲ್ಲಿ. ಮಾವನಿಗೆ ಗೊತ್ತಾಗುದಿಲ್ಲ.” ಹೊನ್ನಯ್ಯ ಚೈನು ಒರೆಸುವ ಕೈ ನಿಲ್ಲಿಸಲಿಲ್ಲ. “ಬೇಡ. ನೀನು ಉಸಿರು ಕಟ್ಟಿ ತುಳಿಯುವಾಗಲೇ ನಿನ್ನನ್ನು ಹಿಂದೆ ಹಾಕ್ತೇನೆ. ನೀನು ಬಿಟ್ಟುಕೊಟ್ಟ ಹಾರ ನನ್ನ ಸೈಕಲ್ಲಿಗೂ ಬೇಡ.”