ಕೇಸರಿಬಾತು ಒಳಗೆ ಹೋಯಿತು

ಜನಾರ್ದನರಾಯರಷ್ಟು ‘ಮ್ಯಾನರ್ಸು’ ಕಲಿತ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ, ಕಾಣುವುದೂ ಬೇಡ. ಬರೋಡಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ತುಮಕೂರಿನ ಕಡೆಯವರು. ಆಫೀಸಿನ ಆಂಗ್ಲೋ ಇಂಡಿಯನ್ ಸಾಹೇಬರೊಬ್ಬರು ರಿಟೈರಾಗಿ ಹೋಗುವಾಗ ತಮ್ಮ ಪ್ಲೀಸು, ಸಾರಿ, ಎಕ್ಸ್‌ಕ್ಯೂಸ್ ಮಿಗಳನ್ನೆಲ್ಲ ಇವರ ತಲೆಗೆ ಕಟ್ಟಿ ಹೋದರು. ಹಾಲು ಹಾಕುವ ಭೈಯನಿಗೂ ‘ಥ್ಯಾಂಕ್ಯೂ’. ಹೆಂಡತಿ ಕಮಲಾ ಮಾಡಿದ ಸಾರಿಗೆ ಉಪ್ಪು ಕಮ್ಮಿಯಾದರೆ ಮಾತ್ರ ತಟ್ಟೆ ಗೋಡೆಗೆ! ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಸದ್ದು ನಮಗೆ ಚೆನ್ನಾಗಿ ಕೇಳುತ್ತಿತ್ತು.

ಒಬ್ಬಳೇ ಮಗಳು ಹೇಮಲತಾ. ೧೯೬೪ರಲ್ಲಿ ಸೂರತ್ತಿನಿಂದ ಅವಳಿಗೊಂದು ಸಂಬಂಧ ಬಂತು. ಹುಡುಗ ಚಂದ್ರಶೇಖರ, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಕನ್ನಡದವರ ಗಣಪತಿ ಹಬ್ಬದಲ್ಲಿ ಅವನು ಹಾಡಿದ್ದನ್ನು ಕೇಳಿದಾಗಿನಿಂದ ಹುಡುಗಿಯ ಮನಸ್ಸು ಅಲ್ಲೇ ನಿಂತಿತ್ತು.

“ಸುಲೋಚನಾ ಅತ್ತೆ, ಇದೊಂದು ಆಗ್ಲಿ ಅಂತ ಬೇಡ್ಕೊಳ್ಳಿ” ಅಂದಿದ್ದಳು ನನ್ನ ಹತ್ತಿರ.

ಹೆಣ್ಣು ನೋಡುವ ದಿನ ಬೆಳಗಿನ ಗಾಡಿಗೆ ಹುಡುಗನೂ ಅವನ ತಾಯಿ ಪದ್ಮಾವತಮ್ಮನೂ ಬಂದರು. ಹಸಿವು ಮುಖದಲ್ಲೇ ಕಾಣುತ್ತಿತ್ತು. ನಾನೂ ಕಮಲಾಳೂ ಸೇರಿ ಮಾಡಿದ್ದ ಕೇಸರಿಬಾತು, ಉಪ್ಪಿಟ್ಟು ತಂದಿಟ್ಟೆವು. ನಮ್ಮವರು ಯಾರಾದರೂ ಹೇಳುವ ಹಾಗೆ ಪದ್ಮಾವತಮ್ಮ, “ಅಯ್ಯೋ, ಇದೆಲ್ಲಾ ಯಾಕ್ರೀ? ಬೇಡಿ, ತಿಂದ್ಕೊಂಡೇ ಬಂದ್ವಿ” ಅಂದರು. ಇನ್ನೆರಡು ಸಲ ಒತ್ತಾಯ ಮಾಡಿ ಅಂತ ಅದರ ಅರ್ಥ. ಹಾಲು ಕುಡಿಯುವ ಮಗುವಿಗೂ ಗೊತ್ತು. ಕಮಲಾ “ಹಾಗಂದ್ರೆ ಹೇಗೆ, ಸ್ವಲ್ಪ ತಗೊಳ್ಳಿ” ಅನ್ನುವಷ್ಟರಲ್ಲಿ ರಾಯರು ಕೈ ಅಡ್ಡ ಹಿಡಿದರು.

“ಕಮಲಾ! ಅವರು ನೋ ಅಂದ ಮೇಲೆ ಮುಗೀತು. ಫೋರ್ಸ್ ಮಾಡೋದು ಬ್ಯಾಡ್ ಮ್ಯಾನರ್ಸು. ಒಳಗೆ ತಗೊಂಡ್ ಹೋಗು, ಪ್ಲೀಸ್.”

ಅವರ ಪ್ಲೀಸಿಗಿಷ್ಟು ಬೆಂಕಿ ಹಾಕ! ಊಟಕ್ಕೆ ಕೂತವರ ಬಾಯಿಗೇ ಜಿಲೇಬಿ ತುರುಕುವ ಗುಜರಾತಿಗಳ ನಡುವೆ ಇಷ್ಟು ವರ್ಷ ಇದ್ದು ಕಲಿತದ್ದು ಇದೇ ಏನು? ತಟ್ಟೆಗಳು ಒಳಗೆ ಹೋದವು. ಹುಡುಗನ ಕಣ್ಣೂ ಅವುಗಳ ಹಿಂದೆ ಹೋಯಿತು. ಪದ್ಮಾವತಮ್ಮ ಸೆರಗು ಸರಿಮಾಡಿಕೊಂಡು, “ತಿಳಿಸ್ತೀವಿ” ಅಂದು ಎದ್ದರು. ರಾಯರು ಬಾಗಿಲವರೆಗೂ ಹೋಗಿ ‘ಥ್ಯಾಂಕ್ಯೂ ಫಾರ್ ಕಮಿಂಗ್’ ಅಂದು ಬೀಗುತ್ತ ಬಂದರು.

ತಿಳಿಸಿದ್ದು ಬೇರೆಯವರ ಬಾಯಿಂದ: ‘ಒಂದು ತುತ್ತಿಗೆ ಎರಡು ಸಲ ಕರೆಯದವರ ಮನೆಯ ಹೆಣ್ಣು ನಮಗೆ ಬೇಡ.’ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರಾಯರು “ಅನ್‌ಕಲ್ಚರ್ಡ್ ಪೀಪಲ್” ಅಂದು ಪೇಪರ್ ಮಗುಚಿದರು. ನನಗೆ ಮೈಯೆಲ್ಲ ಉರಿಯಿತು.

ಹೇಮಲತಾ ಅಳಲಿಲ್ಲ, ಊಟ ಬಿಟ್ಟಳು. ಮಾರನೆಯ ದಿನ ನಾನು ಹೋದಾಗ ರಾಯರೇ ತಟ್ಟೆ ಹಿಡಿದು ಮಗಳ ಮುಂದೆ ಕೂತಿದ್ದರು. ಬಾಯಲ್ಲಿ ಒಂದೇ ಒಂದು ಇಂಗ್ಲಿಷ್ ಮಾತಿಲ್ಲ.

“ಒಂದೇ ತುತ್ತು ತಿನ್ನಮ್ಮಾ. ನನ್ನಾಣೆ.”

“ನೋ, ಥ್ಯಾಂಕ್ಯೂ” ಅಂದಳು ಹೇಮಲತಾ. “ಫೋರ್ಸ್ ಮಾಡ್ಬಾರ್ದಪ್ಪ. ಒಳಗೆ ತಗೊಂಡ್ ಹೋಗಿ, ಪ್ಲೀಸ್.”